ಹೊಸ ಖಾತೆಗೆ ಬಾರದ ಟಿಪ್ಪಣಿಗಳು

ಆಪರೇಷನ್ ಆದ ಮೇಲೆ ಒಂದೂವರೆ ತಿಂಗಳು ಮಲಗಿರಬೇಕು ಎಂದು ಶಹಾಪುರದ ಡಾಕ್ಟರಮ್ಮ ಹೇಳಿದಾಗ ನನಗೆ ಹೆದರಿಕೆಗಿಂತ ಹೆಚ್ಚಾಗಿ ಆಸೆಯೇ ಆಯಿತು. ಗರ್ಭಕೋಶ ತೆಗೆಯುತ್ತಾರೆಂಬ ಸಂಕಟ ಇರಲಿಲ್ಲವೆಂದಲ್ಲ. ಅದರ ಹಿಂದೆಯೇ ಈ ಆಸೆಯೂ ಬಂದು ಕೂತಿತು. ಒಂದೂವರೆ ತಿಂಗಳು ಯಾದಗಿರಿ ಬಸ್ಸಿಗೆ ಓಡಬೇಕಿಲ್ಲ, ನಿಂತು ಹೋಗಬೇಕಿಲ್ಲ, ಹಗಲು ಹೊತ್ತು ಕಣ್ಣು ಮುಚ್ಚಿದರೆ ಯಾರೂ ಏನೂ ಅನ್ನುವಂತಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಬೇಡಿಕೊಂಡದ್ದು ಬೇರೇನೂ ಅಲ್ಲ, ಇಷ್ಟೇ.

ನಮ್ಮ ಮನೆಯ ಕಿಟಕಿಯಿಂದ ಊರ ಗುಡ್ಡ ಕಾಣುತ್ತದೆ. ಮಲಗಿದ ಬುದ್ಧನ ಹಾಗಿದೆ ಎಂದು ಹೊರಗಿನವರು ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ದಿನಾ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಓಡುವಾಗ ಅದನ್ನು ನೋಡಿ, ಈ ಕಲ್ಲುಗುಡ್ಡಕ್ಕಿರುವ ಪುಣ್ಯ ನನಗಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಈಗ ಅದೂ ಮಲಗಿತ್ತು, ನಾನೂ ಮಲಗಿದ್ದೆ. ಗುಡ್ಡದ ತಲೆದಿಂಬಿನ ಪಕ್ಕದಲ್ಲಿ ಫೋನ್ ಇರಲಿಲ್ಲ, ನನ್ನ ಪಕ್ಕದಲ್ಲಿತ್ತು. ಅಷ್ಟೇ ವ್ಯತ್ಯಾಸ.

ದೀಪಾವಳಿಯ ತನಕ ಅದು ಸುಮ್ಮನಿತ್ತು. ಹಬ್ಬ ಮುಗಿದ ಮಾರನೇ ದಿನ ಶುರುವಾಯಿತು.

"ಆರಾಮ ಅದೀರೇನ್ರಿ ಅಕ್ಕಾರ? ಆ ಬೇವಿನ ಮರದ ಬ್ರಾಂಚ್ ಯಾರ್ದ್ರಿ?"

ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಜಾಗವಿರಲಿಲ್ಲ. ನಮ್ಮ ಕಡೆ 'ಆರಾಮ' ಎಂದು ಕೇಳುವುದು ಬಾಗಿಲು ತಟ್ಟಿದ ಹಾಗೆ. ಕೇಳಿದವರು ಉತ್ತರಕ್ಕೆ ನಿಲ್ಲುವುದಿಲ್ಲ, ನೇರ ಒಳಗೇ ಬರುತ್ತಾರೆ. ನಾನೂ ಅಷ್ಟೇ, ಜೀವಮಾನವೆಲ್ಲ ಹಾಗೆಯೇ ಕೇಳಿದವಳು. ಆದ್ದರಿಂದ ಫೋನ್ ಮಾಡಿದ ಆಫೀಸಿನ ಹುಡುಗಿಯ ಮೇಲೆ ಸಿಟ್ಟು ಬರುವ ಹಕ್ಕು ನನಗಿರಲಿಲ್ಲ. ಆದರೂ ಬಂತು.

ಹುಡುಗಿ ಸುರಪುರದವಳು. ಯಾದಗಿರಿಯಲ್ಲಿ ರೂಮು ಮಾಡಿಕೊಂಡು ನಮ್ಮ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಆಫೀಸು ಅಂದರೆ ಸ್ಟೇಷನ್ ರಸ್ತೆಯಲ್ಲಿ ಬೀಜ ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ. ಮಾಲೀಕರು, ನಾನು, ಅವಳು, ಮೂರೇ ಜನ. ದಾಲ್ ಮಿಲ್, ಹತ್ತಿಯ ಬೀಜ ಬಿಡಿಸುವ ಜಿನ್, ಅಕ್ಕಿ ಗಿರಣಿಗಳ ತೂಕದ ಕಾಟಾಕ್ಕೆ ಬೇಕಾಗುವ ಪ್ರೋಗ್ರಾಂ ಬರೆದುಕೊಡುವುದು ನಮ್ಮ ಕಸುಬು. ಟ್ರ್ಯಾಕ್ಟರ್ ಕಾಟಾದ ಮೇಲೆ ನಿಂತರೆ ತೂಕ ಕಂಪ್ಯೂಟರಿಗೆ ಬರಬೇಕು, ಖಾಲಿ ಗಾಡಿಯ ತೂಕ ಅದರಲ್ಲಿ ಕಳೆಯಬೇಕು, ಚೀಟಿ ಹೊರಗೆ ಬರಬೇಕು. ಹೇಳಲು ಇಷ್ಟೇ. ಆದರೆ ಗಿರಣಿಗೊಂದು ತಕರಾರು. ಒಬ್ಬನ ಕಾಟಾ ಹಳೆಯದು, ಒಬ್ಬನಿಗೆ ಚೀಟಿ ಮೂರು ಬೇಕು, ಇನ್ನೊಬ್ಬನಿಗೆ ಹಸಿ ಮಾಲು ಒಣ ಮಾಲು ಬೇರೆ ಬೇರೆ ತೋರಿಸಬೇಕು.

ಹೀಗಾಗಿ ಮೂಲ ಪ್ರೋಗ್ರಾಂ ಒಂದೇ ಇದ್ದರೂ, ಒಬ್ಬೊಬ್ಬ ಗಿರಾಕಿಗೆ ಅದರದೊಂದು ಬೇರೆ ಪ್ರತಿ ತೆಗೆದು ಬದಲಿಸುತ್ತಾ ಹೋಗುತ್ತೇವೆ. ಹಾಗೆ ಬೇರೆಯಾದ ಪ್ರತಿಗೆ ಬ್ರಾಂಚ್ ಅನ್ನುತ್ತೇವೆ. ಮನೆಯಲ್ಲಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡ ಹಾಗೆ. ಯಾರು ಯಾವಾಗ ಏನು ಬದಲಿಸಿದರು ಎಂಬುದರ ಸಮೇತ ಎಲ್ಲವನ್ನೂ ಗಿಟ್ ಎಂಬ ವ್ಯವಸ್ಥೆ ಕಾಯ್ದಿಡುತ್ತದೆ. ದೂರದ ಸರ್ವರಿನಲ್ಲಿ ಒಂದು ಪ್ರತಿ, ನನ್ನ ಟೇಬಲ್ಲಿನ ಕಂಪ್ಯೂಟರಿನಲ್ಲಿ ಒಂದು ಪ್ರತಿ.

ಬ್ರಾಂಚುಗಳಿಗೆ ಹೆಸರಿಟ್ಟವಳು ನಾನು. ನಮ್ಮ ಮಂದಿ ಗಿರಣಿಯನ್ನು ಬೋರ್ಡಿನ ಮೇಲಿನ ಹೆಸರಿನಿಂದ ಕರೆಯುವುದಿಲ್ಲ. ಬೋರ್ಡಿನ ಹೆಸರು ಬ್ಯಾಂಕಿನವರಿಗೆ. ಜನರಿಗೆ ಅದು ಬೇವಿನ ಮರದ ಜಿನ್, ಕರೇ ಗೇಟಿನ ಮಿಲ್, ಬಾವಿ ಗಿರಣಿ. ಈ ವರ್ಷ ನಡೆಸಿದವನು ಮುಂದಿನ ವರ್ಷ ಇನ್ನೊಬ್ಬನಿಗೆ ಲೀಸಿಗೆ ಕೊಟ್ಟಿರುತ್ತಾನೆ. ಬೋರ್ಡು ಬದಲಾಗುತ್ತದೆ, ಬಾವಿ ಅಲ್ಲೇ ಇರುತ್ತದೆ. ಅದಕ್ಕೇ ನಾನೂ ಹಾಗೆಯೇ ಹೆಸರಿಟ್ಟೆ. ಮರ ಕಡಿಯುತ್ತಾರೆ, ಕರಿಯ ಗೇಟಿಗೆ ಹಸಿರು ಬಣ್ಣ ಬಳಿಯುತ್ತಾರೆ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಬೇವಿನ ಮರದ ಜಿನ್ನಿನ ಬೇವಿನ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಜನ ಈಗಲೂ ಅದನ್ನು ಬೇವಿನ ಮರದ ಜಿನ್ ಎಂದೇ ಅನ್ನುತ್ತಾರೆ. ಇಲ್ಲದ ಮರದ ನೆರಳಿನಲ್ಲಿ ನಿಂತು ಚಹಾ ಕುಡಿಯುವ ಮಂದಿ ನಾವು.

ಸುರಪುರದಿಂದ ಬಂದ ಹುಡುಗಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವಳು ಹೋದ ಸುಗ್ಗಿ ಮುಗಿದ ಮೇಲೆ ಸೇರಿದವಳು. ಗಿರಣಿಗಳು ನಡೆಯುವುದನ್ನೇ ಇನ್ನೂ ನೋಡಿರಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕಲಿಯುತ್ತಿದ್ದಳು, ಅಷ್ಟೇ.

ಅವಳಂಥವರಿಗಾಗಿಯೇ ನಾನು ಟಿಪ್ಪಣಿ ಬರೆಯುತ್ತಿದ್ದೆ. ಗಿಟ್‌ನಲ್ಲಿ ಪ್ರತಿ ಬ್ರಾಂಚಿಗೂ ನಾಲ್ಕು ಮಾತು ವಿವರಣೆ ಬರೆದಿಡಲು ಒಂದು ಜಾಗವಿದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ನಾನು ಬಿಡಲಿಲ್ಲ. ಇದು ಯಾರದು, ಯಾಕೆ ಬೇರೆಯಾಯಿತು, ಯಾವುದನ್ನು ಮುಟ್ಟಬಾರದು, ಸಂಶಯ ಬಂದರೆ ಗಿರಣಿಯಲ್ಲಿ ಯಾರನ್ನು ಕೇಳಬೇಕು, ಎಲ್ಲ ಬರೆದೆ. ಆಪರೇಷನ್ನಿನ ದಿನ ಗೊತ್ತಾದ ಮೇಲಂತೂ ಒಂದೊಂದು ಬ್ರಾಂಚನ್ನೂ ತೆರೆದು ಮತ್ತೆ ತಿದ್ದಿದೆ. ನನಗೆ ದೊಡ್ಡ ಮನಸ್ಸಿತ್ತೆಂದು ಅಲ್ಲ. ನನಗೆ ಯಾರೂ ಫೋನ್ ಮಾಡಬಾರದಿತ್ತು.

ಹೊರಡುವ ದಿನ ಬಸ್ಸಿಗೆ ಹೊತ್ತಾಗಿತ್ತು. ಮೆಟ್ಟಿಲಿಳಿಯುತ್ತಾ ಹುಡುಗಿಗೆ ಹೇಳಿದೆ, "ನನ್ನ ಕೇಳಬ್ಯಾಡ, ಬ್ರಾಂಚಿನ ವಿವರಣಿ ತಗದು ನೋಡು. ಎಲ್ಲಾ ಬರ್ದೀನಿ." ಅವಳು "ಹೂನ್ರಿ ಅಕ್ಕಾರ" ಅಂದಳು. ಗಿರಣಿಗಳೆಲ್ಲ ಮುಚ್ಚಿದ್ದ ಕಾಲ. ತೆಗೆದು ನೋಡುವ ಕೆಲಸ ಅವಳಿಗೆ ಹಬ್ಬದ ತನಕ ಬೀಳಲೇ ಇಲ್ಲ.

ದೀಪಾವಳಿ ಪಾಡ್ಯದ ದಿನ ಜಿನ್ನುಗಳು ಶುರುವಾಗುತ್ತವೆ. ಶುರುವಾದವು. ಮಾರನೇ ದಿನದಿಂದ ಫೋನೂ ಶುರುವಾಯಿತು. ಬೇವಿನ ಮರ ಯಾರದು, ಬಾವಿ ಗಿರಣಿಗೂ ಹಳೇ ಬಾವಿಗೂ ಏನು ಫರಕು, ಕರೇ ಗೇಟಿನ ಎರಡು ಬ್ರಾಂಚುಗಳಲ್ಲಿ ಯಾವುದು ಈಗಿನದು. ನಾನು ಮಲಗಿದಲ್ಲಿಂದಲೇ ಹೇಳುತ್ತಿದ್ದೆ. ಹೇಳಿದ ಮೇಲೆ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದೆ, "ವಿವರಣಿ ಓದೀಯೇನು?" ಆಕೆ ದನಿ ಎಳೆದು "ನೋಡೀನ್ರಿ" ಅನ್ನುತ್ತಿದ್ದಳು. ಓದಿಲ್ಲ, ಸುಳ್ಳು ಹೇಳುತ್ತಾಳೆ ಎಂದುಕೊಂಡೆ. ಈಗಿನ ಮಕ್ಕಳಿಗೆ ಓದುವುದೆಂದರೆ ಮೈ ಭಾರ ಎಂದು, ಡಾಕ್ಟರು ಬೈಯಬೇಡ ಅಂದಿಲ್ಲವಾದ್ದರಿಂದ, ಗೋಡೆಗೆ ಬೈದೆ.

ನನ್ನ ಬಾಣಂತಿತನ ಎರಡು ಸಲ ಮಾಡಿದ ಅವ್ವ ಈ ಸಲವೂ ದೋರನಹಳ್ಳಿಯಿಂದ ಬಂದಿದ್ದಳು. ಗಂಡ ಬಸ್ ಡಿಪೋದ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾಲ್ಕಾರು ದಿನ ಅವಳು ಸುಮ್ಮನೆ ನೋಡಿದಳು. ಆಮೇಲೆ ಒಂದು ಮಧ್ಯಾಹ್ನ ಫೋನನ್ನು ತೆಗೆದುಕೊಂಡು ಹೋಗಿ ಜೋಳದ ಡಬ್ಬಿಯಲ್ಲಿ ಹೂತಿಟ್ಟಳು. ಅದು ಅಲ್ಲಿಯೂ ಬಡಿದುಕೊಂಡಿತು. ಡಬ್ಬಿಯ ತಗಡು ನಡುಗಿ ಶಬ್ದ ಇನ್ನೂ ದೊಡ್ಡದಾಯಿತು.

"ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದ್ನಂತ," ಅಂದಳು ಅವ್ವ, ಡಬ್ಬಿಯ ಮುಚ್ಚಳ ತೆಗೆಯುತ್ತಾ. "ತಗೋ. ಜ್ವಾಳ ಕರ್ಯಾಕತ್ತಾವ ನಿನ್ನ."

ಡಾಕ್ಟರಮ್ಮ ವಿಶ್ರಾಂತಿ ಕೊಟ್ಟಿದ್ದರು, ಆಫೀಸು ಕೊಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಹೊಲಿಗೆಯ ನೋವು ನನ್ನನ್ನು ಅಷ್ಟು ಕಾಡಲಿಲ್ಲ. ಕಣ್ಣು ಹತ್ತಿದ ಕೂಡಲೇ ಎಬ್ಬಿಸುವ ಆ ಸದ್ದಿನ ಭಯ ಕಾಡಿತು. ನಿದ್ದೆಯಲ್ಲೂ ಬ್ರಾಂಚಿನ ಹೆಸರು ಹೇಳುತ್ತಿದ್ದೆನಂತೆ. ನನಗೆ ಸಾಕಾಗಿತ್ತು. ಯಾರ ಮೇಲೂ ಪ್ರೀತಿ ಉಳಿದಿರಲಿಲ್ಲ, ನನ್ನ ಕೆಲಸದ ಮೇಲಂತೂ ಇಲ್ಲವೇ ಇಲ್ಲ.

ಆಮೇಲೆ ಒಂದು ಬೆಳಿಗ್ಗೆ ಮಾಲೀಕರ ಫೋನ್ ಬಂತು.

"ಆರಾಮ ಅದಿಯೇನವಾ ತಂಗಿ? ಬೇವಿನ ಮರದ ಜಿನ್ ಬಂದ್ ಬಿದ್ದದ. ಗಾಡಿ ರೋಡಿನ ತನಕ ನಿಂತಾವ."

ನಡೆದದ್ದು ಇದು. ಆ ಜಿನ್ನಿನ ಕಾಟಾ ಒಂದು ವಿಚಿತ್ರ ಪ್ರಾಣಿ. ಖಾಲಿ ಗಾಡಿಯ ತೂಕವನ್ನು ತಾನೇ ಕಳೆದು, ಬರೀ ಹತ್ತಿಯ ತೂಕ ಕಳಿಸುತ್ತದೆ. ಹೀಗಾಗಿ ಅವರ ಬ್ರಾಂಚಿನಲ್ಲಿ ಪ್ರೋಗ್ರಾಂ ಮತ್ತೆ ಕಳೆಯದ ಹಾಗೆ ಮಾಡಿದ್ದೆ. ಹುಡುಗಿಗೆ ಬಳಿಚಕ್ರದ ರಸ್ತೆಯಲ್ಲಿ ಒಂದು ದಾಲ್ ಮಿಲ್ ಗೊತ್ತಿತ್ತು. ಅದರ ಗೇಟಿನಲ್ಲಿ ದೊಡ್ಡ ಬೇವಿನ ಮರವಿದೆ. ನಾನು ಫೋನಿನಲ್ಲಿ ಶಹಾಪುರ ಕಡೆಯ ಜಿನ್ ಎಂದು ಹೇಳಿದ್ದೆ. ಆದರೆ ಅವಳು ಈ ಸುಗ್ಗಿಯ ಪ್ರೋಗ್ರಾಂ ಹಾಕಲು ಆ ಜಿನ್ನಿಗೆ ಹೋಗಿ ನೋಡಿದಾಗ ಅಲ್ಲಿ ಮರವೇ ಇಲ್ಲ. ಅಕ್ಕ ನಿದ್ದೆಗಣ್ಣಲ್ಲಿ ಹೇಳಿರಬೇಕು ಎಂದುಕೊಂಡು, ಆ ಬ್ರಾಂಚು ದಾಲ್ ಮಿಲ್ಲಿನದೆಂದು ತೀರ್ಮಾನಿಸಿ, ಜಿನ್ನಿಗೆ ಎಲ್ಲರಿಗೂ ಕೊಡುವ ಮೂಲ ಪ್ರೋಗ್ರಾಮನ್ನೇ ಹಾಕಿ ಬಂದಳು. ಗಾಡಿಯ ತೂಕ ಎರಡು ಸಲ ಕಳೆಯಿತು. ಮನೆಯಲ್ಲೇ ತೂಗಿಸಿಕೊಂಡು ಬಂದಿದ್ದ ರೈತನೊಬ್ಬ ಚೀಟಿ ನೋಡಿ ಗಾಡಿಯನ್ನು ಕಾಟಾದ ಮೇಲಿಂದ ಇಳಿಸಲಿಲ್ಲ. ಅವನ ಹಿಂದಿನವರೂ ಅವನ ಪಕ್ಷ ಹಿಡಿದರು. ಅವರದೇನೂ ತಪ್ಪಿರಲಿಲ್ಲ.

ಹಳೆಯ ಪ್ರತಿಯನ್ನು ಮತ್ತೆ ಹಾಕುವುದು ಹೇಗೆಂದು ಫೋನಿನಲ್ಲೇ ಹೇಳಿಕೊಟ್ಟೆ. ಅಲ್ಲಿಯ ತನಕ ಬಂದ ಚೀಟಿಗಳನ್ನೆಲ್ಲ ಹರಿದು ಹೊಸದಾಗಿ ತೂಗಿದರು. ಮಧ್ಯಾಹ್ನದ ಹೊತ್ತಿಗೆ ಜಿನ್ ನಡೆಯಿತು. ನಾನು ಮಾತ್ರ ಎದ್ದು ಕೂತಿದ್ದೆ. ಇವತ್ತು ಇದು, ನಾಳೆ ಬಾವಿ ಗಿರಣಿ. ಹೋಗಿ ಆ ಹುಡುಗಿಯ ಕಿವಿ ಹಿಡಿದು ಟಿಪ್ಪಣಿ ಓದಿಸದ ಹೊರತು ನನಗೆ ಮಲಗುವ ಯೋಗವಿಲ್ಲ ಅನ್ನಿಸಿತು.

"ಹೊಲಿಗಿ ಹರೀತಾವ," ಅಂದಳು ಅವ್ವ.

"ಹರೀಲಿ ಬಿಡು. ಹೋಗಿ ಬಂದು ಒಮ್ಮೆ ಮಕ್ಕೋತೀನಿ."

"ನೀ ಮಕ್ಕೊಳ್ಳೂ ಮಂದಿ ಅಲ್ಲ," ಅಂದು ಅವಳು ನನ್ನ ಹೊಟ್ಟೆಗೆ ತನ್ನ ಹಳೆಯ ಇಳಕಲ್ ಸೀರೆಯನ್ನು ಮಡಿಸಿ ಬಿಗಿಯಾಗಿ ಕಟ್ಟಿದಳು. ಕಟ್ಟುವಾಗ ಕಣ್ಣೊರೆಸಿಕೊಂಡಳು. ನಾನು ನೋಡದ ಹಾಗೆ ನಟಿಸಿದೆ.

ಮಾರನೇ ದಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ದೋರನಹಳ್ಳಿ ದಾಟುವ ತನಕ ಹೇಗೋ ತಡೆದೆ. ಆಮೇಲೆ ರಸ್ತೆಯ ಒಂದೊಂದು ಉಬ್ಬಿಗೂ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೆ. ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು. ಭೀಮಾ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕೆಳಗೆ ಒಬ್ಬ ತೆಪ್ಪದಲ್ಲಿ ಬಲೆಯ ಪಕ್ಕ ಅಂಗಾತ ಮಲಗಿದ್ದ. ಅವನ ಮೇಲೂ ಹೊಟ್ಟೆಕಿಚ್ಚಾಯಿತು.

ಆಫೀಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಕಿವಿ ಹಿಡಿಯುವ ನನ್ನ ಹುರುಪು ಅರ್ಧ ಇಳಿದಿತ್ತು. ಹುಡುಗಿ ಎದ್ದು ನಿಂತಳು. ಕಣ್ಣು ಕೆಂಪಾಗಿದ್ದವು. ನನ್ನ ಟೇಬಲ್ಲಿನ ಮೇಲೆ ಹೊಸ ಕಂಪ್ಯೂಟರ್ ಇತ್ತು. ಅದರ ಹಣೆಗೆ ಕುಂಕುಮ, ಮೇಲೆ ಬಾಡಿದ ಚೆಂಡುಹೂವಿನ ಮಾಲೆ. ತೆರೆಯ ಮೇಲೆ 'ಶ್ರೀ' ಎಂದು ಹೆಸರಿಟ್ಟ ಒಂದೇ ಒಂದು ಫೋಲ್ಡರು.

"ವಿವರಣಿ ಓದೀನಿ ಅಂತ ಯಾಕ ಸುಳ್ಳು ಹೇಳ್ದಿ?" ಅಂದೆ ಕೂರುತ್ತಾ.

"ಸುಳ್ಳಲ್ರಿ ಅಕ್ಕಾರ. ನೋಡೀನ್ರಿ. ಒಂದ್ರಾಗೂ ಏನೂ ಇಲ್ರಿ. ನೀವು ಬರ್ದಿಲ್ಲ. ಬರ್ದಿಲ್ಲಂತ ನಿಮಗ ಹ್ಯಾಂಗ ಹೇಳ್ಲ್ರಿ? ಆಪರೇಷನ್ ಗಡಿಬಿಡಿಯಾಗ ಮರ್ತಿರಬೇಕು ಅನ್ಕೊಂಡ್ನ್ರಿ. ಅದಕ್ಕ ಸುಮ್ಮ ಫೋನ್ ಮಾಡಿ ಕೇಳ್ತಿದ್ನ್ರಿ."

ನಾನು ಟೈಪ್ ಮಾಡಿ ನೋಡಿದೆ. ಬೇವಿನ ಮರ, ಖಾಲಿ. ಕರೇ ಗೇಟು, ಖಾಲಿ. ಬಾವಿ ಗಿರಣಿ, ಖಾಲಿ. ಬ್ರಾಂಚುಗಳೆಲ್ಲ ಇದ್ದವು, ಒಳಗಿನ ಪ್ರೋಗ್ರಾಂ ಒಂದಕ್ಷರ ಬಿಡದೆ ಇತ್ತು. ನನ್ನ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಇಷ್ಟು ದಿನ ನಾನು ಅವಳನ್ನು ಸೋಮಾರಿ ಅಂದುಕೊಂಡಿದ್ದೆ, ಅವಳು ನನ್ನನ್ನು ಮರೆಗುಳಿ ಅಂದುಕೊಂಡಿದ್ದಳು. ಇಬ್ಬರೂ ಮರ್ಯಾದೆಗೆ ಬಾಯಿ ಬಿಟ್ಟಿರಲಿಲ್ಲ.

"ಹಳೇ ಕಂಪ್ಯೂಟರ್ ಎಲ್ಲಿ?" ಎಂದು ಕೇಳಿದೆ.

ಹುಡುಗಿಯೂ ಆಚೆ ಕೂತಿದ್ದ ಮಾಲೀಕರೂ ಮೇಲೆ ಅಟ್ಟದ ಕಡೆ ನೋಡಿದರು.

ನಮ್ಮ ಮಾಲೀಕರದು ತಲೆತಲಾಂತರದಿಂದ ತೊಗರಿ ವ್ಯಾಪಾರದ ಮನೆ. ದೀಪಾವಳಿಗೆ ಅವರು ಹೊಸ ಖಾತೆ ಪುಸ್ತಕ ಪೂಜೆ ಮಾಡಿ, ಹಳೆಯದನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸುತ್ತಾರೆ. ಈ ವರ್ಷ ಅವರಿಗೆ ಆಫೀಸಿಗೂ ಹೊಸ ಖಾತೆ ಮಾಡುವ ಮನಸ್ಸಾಯಿತು. ಹಳೇ ಕಂಪ್ಯೂಟರಿನ ಫ್ಯಾನು ಗೊರಕೆ ಹೊಡೆಯುತ್ತಿತ್ತು, ಹೊಸದು ತಂದರು. ಹಳೆಯ ಫೋಲ್ಡರನ್ನು ಇದ್ದ ಹಾಗೆಯೇ ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಬಂದು ಹಾಕುತ್ತೇನೆ ಎಂದು ಹುಡುಗಿ ಹೇಳಿದಳಂತೆ. ಮಾಲೀಕರು ಒಪ್ಪಲಿಲ್ಲ.

"ಹಳೇ ಖಾತಿದಾಗಿನ ಹಾಳಿ ಹರ್ಕೊಂಡು ಹೊಸ ಖಾತಿಗೆ ಅಂಟಸ್ತಾರೇನು ತಂಗಿ?" ಎಂದು ಈಗ ನನ್ನನ್ನೂ ಕೇಳಿದರು. "ಸರ್ವರಿನ್ಯಾಗ ಎಲ್ಲಾ ಅದ ಅಂತ ನೀನೇ ಹೇಳ್ತಿದ್ದಿ. ಅಲ್ಲಿಂದ ಹೊಸದಾಗಿ ಇಳ್ಸ್ಕೋ ಅಂತ ಅಂದೆ. ಹಳೇದು ಬರೋಬರಿ ಕಟ್ಟಿ ಮ್ಯಾಲ ಇಟ್ಟೀವಿ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಸರ್ವರಿನಲ್ಲಿ ಎಲ್ಲ ಇದೆ ಎಂದು ನಾನೇ ಹೇಳುತ್ತಿದ್ದೆ, ನಾನೇ ನಂಬಿದ್ದೆ. ಕೂತಲ್ಲೇ ಹುಡುಕಿ ಓದಿದ ಮೇಲೆ ತಿಳಿಯಿತು. ಬ್ರಾಂಚಿನ ವಿವರಣೆ ಬ್ರಾಂಚಿನ ಜೊತೆ ಪ್ರಯಾಣ ಮಾಡುವುದಿಲ್ಲ. ಬರೆದ ಕಂಪ್ಯೂಟರಿನ ಮೂಲೆಯಲ್ಲೇ ಉಳಿಯುತ್ತದೆ. ಸರ್ವರಿಗೆ ಕಳಿಸಿದರೆ ಹೋಗುವುದಿಲ್ಲ, ಸರ್ವರಿನಿಂದ ಇಳಿಸಿಕೊಂಡರೆ ಬರುವುದಿಲ್ಲ. ಒಂದೇ ಕಂಪ್ಯೂಟರಿನ ಮುಂದೆ ಇಷ್ಟು ವರ್ಷ ಒಬ್ಬಳೇ ಕೂತವಳಿಗೆ ಅದು ತಿಳಿಯುವ ಪ್ರಸಂಗವೇ ಬಂದಿರಲಿಲ್ಲ. ನಾನು ಇನ್ನೊಬ್ಬರಿಗೆಂದು ಬರೆದದ್ದೆಲ್ಲ ನನ್ನೊಬ್ಬಳಿಗೇ ಬರೆದುಕೊಂಡ ಹಾಗಾಗಿತ್ತು. ದಾಲ್ ಮಿಲ್ಲಿನಲ್ಲಿ ಚೀಲದ ಬಾಯಿಗೆ ಹೊಲಿದ ಬಣ್ಣದ ದಾರ ಚೀಲ ಹೋದಲ್ಲೆಲ್ಲ ಹೋಗುತ್ತದೆ. ನಾನು ದಾರವನ್ನು ಗೋದಾಮಿನ ಗೂಟಕ್ಕೆ ಕಟ್ಟಿ ಬಂದಿದ್ದೆ.

ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತದೆಂದು ನಿಲ್ಲಿಸಿದೆ.

"ಅದನ್ನ ಕೆಳಗ ಇಳಸ್ರಿ ಸಾವಕಾರ್ರ."

ಮಾಲೀಕರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು. "ಪೂಜಿ ಮಾಡಿ ಕಟ್ಟಿದ ಗಂಟು ನಡುವ ಬಿಚ್ಚಬಾರ್ದವಾ. ನಮ್ಮಪ್ಪ ಎಂದೂ ಬಿಚ್ಚಿಲ್ಲ. ನೀನು ಬಾಯಿಂದ ಹೇಳಿಬಿಡು, ಈಕಿ ಬರ್ಕೋತಾಳ."

ನನಗೆ ಅಷ್ಟು ಹೊತ್ತು ತಡೆದದ್ದೆಲ್ಲ ಒಮ್ಮೆಲೇ ಬಂತು. "ಬಾಯಿಂದನೇ ಹೇಳಾಕತ್ತೀನ್ರಿ ಹಬ್ಬ ಆದಾಗಿಂದ. ನನ್ನ ಹೊಟ್ಟಿನೂ ಡಾಕ್ಟ್ರು ಹೊಲ್ದು ಕಟ್ಟಿ ಕಳಿಸ್ಯಾರ್ರಿ. ಅದು ಬಿಚ್ಚೂ ಹಂಗ ಆದ್ರೂ ನಿಮ್ಮ ಮುಂದ ಬಂದು ಕುಂತೀನಿ. ನಿಮ್ಮ ಗಂಟು ಬಿಚ್ಚಿದ್ರ ಏನಾಗ್ತದ್ರಿ?"

ಕೆಳಗೆ ಅಂಗಡಿಯಲ್ಲಿ ಯಾರೋ ಗೊಬ್ಬರದ ಚೀಲ ಎತ್ತಿಹಾಕಿದ ಸದ್ದು ಬಂತು. ಮಾಲೀಕರು ಎದ್ದು, ಚಪ್ಪಲಿ ಬಿಟ್ಟು, ಸ್ಟೂಲ್ ಹಾಕಿಕೊಂಡು ತಾವೇ ಹತ್ತಿದರು. ಕೆಂಪು ಗಂಟನ್ನು ಇಳಿಸಿ, ಕಣ್ಣಿಗೊತ್ತಿಕೊಂಡು, ಬಿಚ್ಚಿದರು. ಒಳಗಿನಿಂದ ಅಕ್ಷತೆ ಉದುರಿತು. ಹುಡುಗಿ ವೈರು ಕೂಡಿಸಿದಳು. ಫ್ಯಾನು ಹಳೆಯ ಗೊರಕೆ ಶುರು ಮಾಡಿತು, ನನಗೆ ಅದರ ಸದ್ದು ಕೇಳಿ ಸಮಾಧಾನವಾಯಿತು.

ಬೇವಿನ ಮರದ ವಿವರಣೆಯನ್ನು ಹುಡುಗಿಯೇ ತೆರೆದು ಗಟ್ಟಿಯಾಗಿ ಓದತೊಡಗಿದಳು. ಜಿನ್ ಶಹಾಪುರ ಕಡೆಯದು, ಕಾಟಾ ತಾನೇ ಖಾಲಿ ಗಾಡಿ ಕಳೆಯುತ್ತದೆ, ಇದನ್ನು ಮೂಲದೊಂದಿಗೆ ಎಂದೂ ಕೂಡಿಸಬಾರದು. ಅದರ ಕೆಳಗೆ ನಾನು ಕೊನೆಯ ವಾರ ಸೇರಿಸಿದ್ದ ಸಾಲಿಗೆ ಬಂದಾಗ ಅವಳ ದನಿ ಸಣ್ಣದಾಯಿತು. "ಯವ್ವಾ, ಅಲ್ಲಿ ಹೋಗಿ ಬೇವಿನ ಮರ ಹುಡುಕಬ್ಯಾಡ. ಮರ ಕಡದಾರ. ಹೆಸರು ಅಷ್ಟ ಉಳದದ."

"ಇದು ನನಗ ಬರ್ದಿದ್ರೇನ್ರಿ?" ಎಂದು ಕೇಳಿದಳು.

"ಮತ್ಯಾರಿಗೆ?" ಅಂದೆ.

ಅವಳು ಮುಖ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತಳು. ಮಾಲೀಕರು ಚಹಾ ತರಿಸುತ್ತೇನೆಂದು ಕೆಳಗಿಳಿದು ಹೋದರು. ಅವರೂ ಮುಖ ತೋರಿಸಲಾಗದೆ ಹೋದರೆಂದು ನನಗೆ ಅನ್ನಿಸಿತು.

ಆ ದಿನ ಸಂಜೆಯ ತನಕ ಕೂತು ಒಂದು ಏರ್ಪಾಡು ಮಾಡಿದೆವು. ಟಿಪ್ಪಣಿಯನ್ನು ಆಯಾ ಬ್ರಾಂಚಿನ ಒಳಗೇ ಒಂದು ಫೈಲಾಗಿ ಇಡೋಣ ಎಂದು ಹುಡುಗಿ ಹೇಳಿದಳು. ಒಂದು ಬ್ರಾಂಚನ್ನು ಇನ್ನೊಂದಕ್ಕೆ ಕೂಡಿಸುವಾಗ ಟಿಪ್ಪಣಿಗಳೂ ಕಲಸಿಹೋಗುತ್ತವೆ ಎಂದು ಅದನ್ನು ಬಿಟ್ಟೆವು. ಕಡೆಗೆ ಟಿಪ್ಪಣಿಗಳಿಗೆಂದೇ ಒಂದು ಬೇರೆ ಬ್ರಾಂಚ್ ತೆಗೆದೆವು. ಅದರಲ್ಲಿ ಪ್ರೋಗ್ರಾಂ ಇಲ್ಲ, ಗಿರಾಕಿ ಇಲ್ಲ. ಪ್ರತಿ ಬ್ರಾಂಚಿನ ಹೆಸರಿಗೊಂದು ಸಣ್ಣ ಫೈಲು, ಅಷ್ಟೇ. ಇದು ಉಳಿದ ಬ್ರಾಂಚುಗಳ ಹಾಗೆಯೇ ಸರ್ವರಿಗೆ ಹೋಗುತ್ತದೆ, ಯಾರು ಇಳಿಸಿಕೊಂಡರೂ ಅವರ ಜೊತೆ ಬರುತ್ತದೆ, ಯಾರು ಏನು ತಿದ್ದಿದರೆಂದೂ ಉಳಿಯುತ್ತದೆ. ಮುಂದಿನ ದೀಪಾವಳಿಗೆ ಮಾಲೀಕರು ಎಷ್ಟು ಕೆಂಪು ಬಟ್ಟೆ ಸುತ್ತಿದರೂ ಇದಕ್ಕೇನೂ ಆಗುವುದಿಲ್ಲ. ಹಳೆಯದರಿಂದ ನಾನು ಓದಿದೆ, ಹೊಸದರಲ್ಲಿ ಅವಳು ಬರೆದಳು. ನಡುನಡುವೆ ಅವಳೇ ಪ್ರಶ್ನೆ ಕೇಳಿ, ಉತ್ತರವನ್ನೂ ಸೇರಿಸಿಕೊಂಡಳು.

ಅವಳು ನನ್ನನ್ನು ಬಸ್ಸಿನ ತನಕ ಬಿಡಲು ಬಂದಳು. ಕಿಟಕಿಯ ಕೆಳಗೆ ನಿಂತು ಏನೋ ಹೇಳಲು ಹೋದಳು, ಬಸ್ಸು ಹೊರಟಿತು.

ಮನೆಗೆ ಬಂದ ರಾತ್ರಿ ಜ್ವರ ಬಂತು. ಮಾರನೇ ದಿನ ಡಾಕ್ಟರಮ್ಮ ಹೊಲಿಗೆ ನೋಡಿ, ಬೈಯಲು ಶಬ್ದ ಸಿಗದೆ ನನ್ನ ಬದಲು ಅವ್ವನಿಗೆ ಬೈದರು. ಒಂದು ಕಡೆ ಕೀವಾಗಿತ್ತು. ಇನ್ನೂ ಒಂದು ತಿಂಗಳು ಹಾಸಿಗೆ ಎಂದರು. ಅವ್ವ ದೋರನಹಳ್ಳಿಗೆ ಹೊರಡಲು ಕಟ್ಟಿಟ್ಟಿದ್ದ ಚೀಲವನ್ನು ಬಿಚ್ಚಿ, ಸೀರೆಗಳನ್ನು ಮತ್ತೆ ಕಪಾಟಿನಲ್ಲಿ ಜೋಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಫೋನ್ ನಿಂತಿತು. ಮೊದಲು ನಂಬಲಿಲ್ಲ, ಚಾರ್ಜು ಇದೆಯೋ ಇಲ್ಲವೋ ಎಂದು ನೋಡಿದೆ. ತೊಗರಿ ಬಂತು, ದಾಲ್ ಮಿಲ್ಲುಗಳು ಶುರುವಾದವು, ಸುರಪುರದ ಕಡೆ ಅಕ್ಕಿ ಗಿರಣಿಗಳೂ ತೆರೆದವು. ಯಾವ ಬ್ರಾಂಚಿನ ಬಗೆಗೂ ಯಾರೂ ನನ್ನನ್ನು ಕೇಳಲಿಲ್ಲ. ನಾನು ಮಲಗಿದೆ. ಬೇಡಿಕೊಂಡದ್ದು ಸಿಕ್ಕಿತ್ತು. ಆದರೆ ಸುಮ್ಮನೆ ಮಲಗಿದ ಮೇಲೆಯೇ ನೋವು ಎಷ್ಟಿದೆಯೆಂದು ಗೊತ್ತಾದದ್ದು. ಅಲ್ಲಿಯ ತನಕ ಸಿಟ್ಟು ಅದನ್ನು ಮುಚ್ಚಿತ್ತು. ಹೊಟ್ಟೆಯ ನೋವು ಒಂದು ಕಡೆ. ಇನ್ನೊಂದು, ಏನೋ ಖಾಲಿಯಾದದ್ದು. ಮಕ್ಕಳು ದೊಡ್ಡವರಾಗಿ ಹಾಸ್ಟೆಲಿಗೆ ಹೋದವರು, ಇನ್ನು ಮಕ್ಕಳು ಬೇಕಿರಲಿಲ್ಲ, ಆದರೂ ಅದು ಹೋಯಿತಲ್ಲ ಎಂಬುದು. ಅವ್ವನಿಗೆ ಹೇಳಿದರೆ ಅಳುತ್ತಾಳೆ. ಗಂಡನಿಗೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಗುಡ್ಡವನ್ನು ನೋಡುತ್ತಾ ಮಲಗಿರುತ್ತಿದ್ದೆ.

ಹಾಗಿರುವಾಗ ಒಂದು ಮಧ್ಯಾಹ್ನ ಹುಡುಗಿಯ ಫೋನ್ ಬಂತು.

"ಆರಾಮ ಅದೀರೇನ್ರಿ ಅಕ್ಕಾರ?"

"ಯಾವ ಬ್ರಾಂಚು?" ಅಂದೆ.

"ಯಾವ್ದೂ ಇಲ್ರಿ. ಎಲ್ಲಾ ಬರೋಬರಿ ನಡದದ್ರಿ."

"ಮತ್ತ ಯಾವ ಗಿರಣಿಯವ್ರ ತಕರಾರು?"

"ಯಾರ್ದೂ ಇಲ್ರಿ ಅಕ್ಕಾರ. ಆರಾಮ ಅದೀರೇನು ಅಂತ ಕೇಳಾಕ ಮಾಡೀನ್ರಿ. ಆವತ್ತು ಬಸ್ಸಿನ್ಯಾಗ ಕುಂತಾಗ ಕೇಳಬೇಕಂದೆ, ಆಗ್ಲಿಲ್ರಿ."

ಇಷ್ಟು ಹೇಳಿ ಅವಳು ಸುಮ್ಮನಾದಳು. ಫೋನ್ ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಆಗಿರಲಿಲ್ಲ. ಅತ್ತ ಕಡೆ ಹೊಸ ಕಂಪ್ಯೂಟರಿನ ಸಣ್ಣ ಸದ್ದು, ಸ್ಟೇಷನ್ ರಸ್ತೆಯ ಹಾರ್ನು ಕೇಳುತ್ತಿದ್ದವು. ಅವಳು ಕಾಯುತ್ತಿದ್ದಳು. ಆ ಪ್ರಶ್ನೆಗೆ ಉತ್ತರ ಬರುತ್ತದೆಂದು ಕಾದವರನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಊರೆಲ್ಲದರ ವಿವರಣೆ ಬರೆದವಳಿಗೆ ನನ್ನದೊಂದು ಸಾಲು ಬಾಯಿಗೆ ಬರಲಿಲ್ಲ.

"ಇಲ್ಲವಾ," ಅಂದೆ ಕಡೆಗೆ. "ಆರಾಮ ಇಲ್ಲ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಹೇಳ್ರಿ ಅಕ್ಕಾರ," ಅಂದಳು ಹುಡುಗಿ. ನಾನು ಹೇಳಿದೆ.